ಛಾಯಾಗ್ರಹಣದಲ್ಲಿ ಯಾವ ಗ್ರಹಣ?

ಕ್ಯಾಮೆರಾ ನನ್ನ ಕೈಗೆ ಬಂದದ್ದು ಶಾಸನಗಳ ಕಾರಣದಿಂದ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ, ತಾಳಗುಂದಗಳಲ್ಲಿ, ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಕಲ್ಲಿನ ಮೇಲಿನ ಅಕ್ಷರಗಳನ್ನು ಓದಲು ಹೊರಟವನಿಗೆ ಮುದ್ರಿತ ಪಾಠದೊಡನೆ ಹೋಲಿಸಿ ನೋಡಲು ಸ್ಪಷ್ಟವಾದ ಚಿತ್ರಗಳು ಬೇಕಾಗಿದ್ದವು. ಸವೆದ ಅಕ್ಷರಗಳು ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಕಲ್ಲಿನ ಮೈಮೇಲೆ ಹರಿದಾಗ ಮಾತ್ರ ಒಂದೊಂದಾಗಿ ನೆರಳು ಹಿಡಿದು ಮೇಲೇಳುತ್ತವೆ. ಹಾಗೆ ಬೆಳಕಿಗಾಗಿ ಕಾಯುತ್ತ ಕುಳಿತಿದ್ದ ಒಂದು ಬೆಳಿಗ್ಗೆ ವೀರಗಲ್ಲೊಂದರ ನೆತ್ತಿಯ ಮೇಲೆ ಮಡಿವಾಳ ಹಕ್ಕಿಯೊಂದು ಬಂದು ಕುಳಿತು, ಬಾಲವೆತ್ತಿ, ಕೊರಳೆತ್ತಿ ಹಾಡತೊಡಗಿತು. ನಾನು ಶಾಸನವನ್ನು ಬಿಟ್ಟು ಹಕ್ಕಿಯ ಚಿತ್ರ ತೆಗೆದೆ. ಅದು ಮಸುಕಾಗಿತ್ತು. ಆದರೆ ಆ ದಿನದಿಂದ ನನಗೆ ಎರಡು ವ್ಯಾಸಂಗಗಳಾದವು.

ಶಾಸನ ಕದಲುವುದಿಲ್ಲ. ಎಂಟುನೂರು ವರ್ಷ ನಿಂತಿದ್ದ ಕಲ್ಲು ಇನ್ನೊಂದು ಭಾನುವಾರವೂ ನಿಂತಿರುತ್ತದೆ. ಹಕ್ಕಿ ಹಾಗಲ್ಲ. ಅದಕ್ಕೆ ತನ್ನದೇ ಕೆಲಸಗಳಿವೆ. ನಾವು ಬಂದಿರುವುದು ಅದಕ್ಕೆ ಬೇಕಿಲ್ಲ. ಶಿವಮೊಗ್ಗದ ಮನೆಯಿಂದ ನಸುಕಿನಲ್ಲಿ ಹೊರಟು ಗಾಜನೂರಿಗೋ ಮಂಡಗದ್ದೆಗೋ ಹೋಗಿ, ಇಲ್ಲವೆ ಭದ್ರಾವತಿಯ ದಾರಿ ಹಿಡಿದು ಭದ್ರೆಯ ಹಿನ್ನೀರಿನ ಅಂಚಿಗೆ ಸೇರಿ, ಗಂಟೆಗಟ್ಟಲೆ ಕದಲದೆ ಕುಳಿತು, ಅನೇಕ ವೇಳೆ ಬರಿಗೈಯಲ್ಲಿ ಮರಳುವ ಈ ಹವ್ಯಾಸ ನನಗೆ ಕೊಟ್ಟಿರುವ ಸಂತೋಷವನ್ನು ಅಳೆದು ಹೇಳಲಾರೆ. ಆ ಸಂತೋಷದ ಲೆಕ್ಕದಲ್ಲಿ ಒಂದು ಸಾಲವೂ ಇದೆ. ಅದನ್ನು ಹೇಳದೆ ಈ ವಿಷಯದ ಮೇಲೆ ಅಭಿಪ್ರಾಯ ಹೇಳುವ ಅಧಿಕಾರ ನನಗಿಲ್ಲವೆಂದು ತೋರುತ್ತದೆ. ಅದಕ್ಕೆ ಮುನ್ನ, ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ದಾರಿಯಲ್ಲಿಯೇ, ಪದದಿಂದ ಆರಂಭಿಸುತ್ತೇನೆ.

‘ಛಾಯಾಗ್ರಹಣ’ ಎಂಬ ಸಮಾಸದ ಉತ್ತರಪದ ‘ಗ್ರಹಣ’. ಇದಕ್ಕೆ ಎರಡು ಅರ್ಥಪರಂಪರೆಗಳಿವೆ. ಒಂದು ಹಿಡಿಯುವುದು, ವಶಪಡಿಸಿಕೊಳ್ಳುವುದು. ಪಾಣಿಗ್ರಹಣ, ಸೂರ್ಯಗ್ರಹಣಗಳಲ್ಲಿ ಇರುವುದು ಅದು. ಇನ್ನೊಂದು ಅರಿಯುವುದು, ಮನಸ್ಸಿಗೆ ತಂದುಕೊಳ್ಳುವುದು. ಅರ್ಥಗ್ರಹಣದಲ್ಲಿ, ನಾವು ನಿತ್ಯ ಬಳಸುವ ‘ಗ್ರಹಿಸು’ ಎಂಬ ಕ್ರಿಯಾಪದದಲ್ಲಿ ಇರುವುದು ಇದು. ಇಂಗ್ಲಿಷಿನಲ್ಲಿ ಗುಂಡು ಹೊಡೆಯುವುದಕ್ಕೂ ಚಿತ್ರ ತೆಗೆಯುವುದಕ್ಕೂ ‘ಶೂಟ್’ ಎಂಬ ಒಂದೇ ಪದವಿದೆ ಎಂದು ನಗುವವರು, ನಮ್ಮ ಆಡುಮಾತಿನಲ್ಲಿಯೂ ‘ಫೋಟೊ ಹೊಡೆಯುವುದು’ ಎಂಬ ಮಾತು ಬಹುಕಾಲದಿಂದ ಇರುವುದನ್ನು ನೆನೆಯಬೇಕು. ಬೇಟೆಗೆ ಸಂಸ್ಕೃತದಲ್ಲಿ ‘ಮೃಗಯಾ’ ಎನ್ನುತ್ತಾರೆ. ಅದರ ಧಾತುವಿಗೆ ಹುಡುಕುವುದು, ಅರಸುವುದು ಎಂಬ ಅರ್ಥ. ಅರಸುವುದು ಬೇಟೆಗಾರನಿಗೂ ಹಕ್ಕಿಪ್ರಿಯನಿಗೂ ಸಮಾನ. ಅರಸಿ ಕಂಡ ಮೇಲೆ ನಡೆಯುವುದು ಯಾವ ಗ್ರಹಣ ಎಂಬುದರಲ್ಲಿ ಇಬ್ಬರೂ ಬೇರೆಯಾಗಬೇಕು. ಬೇರೆಯಾಗುತ್ತಿದ್ದಾರೆಯೆ?

ಈ ಪ್ರಶ್ನೆ ಕೇವಲ ಪದಗಳ ಆಟವಲ್ಲ. ನಮ್ಮ ದೇಶದ ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2ನೆಯ ಪ್ರಕರಣದ 16ನೆಯ ಉಪಪ್ರಕರಣವು ‘ಬೇಟೆ’ ಎಂದರೇನು ಎಂಬುದನ್ನು ವಿವರಿಸುತ್ತದೆ. ಕೊಲ್ಲುವುದು, ವಿಷವಿಡುವುದು, ಬಲೆ ಒಡ್ಡುವುದು ಅದರಲ್ಲಿ ಸೇರಿವೆ ಎಂಬುದು ಎಲ್ಲರೂ ಊಹಿಸಬಹುದಾದ ಸಂಗತಿ. ಆದರೆ ಅಲ್ಲಿಯೇ ಕಾಡುಪ್ರಾಣಿಯನ್ನು ಅಟ್ಟುವುದು, ಅದಕ್ಕೆ ಆಮಿಷ ಒಡ್ಡುವುದು ಕೂಡ ಬೇಟೆಯೆಂದೇ ಎಣಿಕೆಯಾಗಿದೆ. ಹಕ್ಕಿ ಮತ್ತು ಸರೀಸೃಪಗಳ ವಿಷಯದಲ್ಲಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊಟ್ಟೆಗಳನ್ನು ಕೆಡಿಸುವುದನ್ನಷ್ಟೇ ಅಲ್ಲದೆ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ತಂದಿದೆ. ಪಂಪಭಾರತದ, ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಟೆಯ ವರ್ಣನೆಗಳನ್ನು ಪಾಠ ಹೇಳುವಾಗ ನಮ್ಮ ಕಣ್ಣ ಮುಂದೆ ಬಿಲ್ಲು, ಬಲೆ, ಬೇಟೆನಾಯಿಗಳು ಬರುತ್ತವೆ. ಈ ಕಾಯ್ದೆಯನ್ನು ಬರೆದವರು ಆ ಚಿತ್ರವನ್ನು ಬದಿಗಿಟ್ಟು ಹಕ್ಕಿಗೆ ಏನಾಯಿತು ಎಂಬುದನ್ನು ಕೇಳಿದ್ದಾರೆ. ಕೈಯಲ್ಲಿದ್ದ ಉಪಕರಣ ಯಾವುದೆಂಬ ಪ್ರಶ್ನೆ ಆಮೇಲಿನದು.

ಈ ಮಾತನ್ನು ನಮ್ಮ ಎರಡು ನದಿಗಳ ದಂಡೆಯ ಮೇಲಿಟ್ಟು ನೋಡಬಹುದು.

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ಮಂಡಗದ್ದೆ. ರಸ್ತೆಯ ಪಕ್ಕದಲ್ಲಿಯೇ ತುಂಗೆ. ಅದರ ನಡುವೆ ಒಂದು ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಆ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ದಂಡೆಯ ಮೇಲೆ ನಿಂತವನಿಗೆ ಎಲ್ಲವೂ ಕಾಣುತ್ತದೆ. ಗಂಡು ಹಕ್ಕಿ ಕಡ್ಡಿ ತರುವುದು, ಹೆಣ್ಣು ಅದನ್ನು ಕೊಕ್ಕಿನಿಂದ ಪಡೆದು ಗೂಡಿಗೆ ಸೇರಿಸುವುದು, ನೆರೆಯ ಗೂಡಿನ ಕಡ್ಡಿಯನ್ನು ಕದಿಯುವ ಕಳ್ಳನನ್ನು ಎಲ್ಲರೂ ಸೇರಿ ಬೈದು ಅಟ್ಟುವುದು. ಆದರೆ ಯಾರೂ ಹತ್ತಿರ ಹೋಗಲಾರರು. ಹಕ್ಕಿಗಳು ಸಂಸಾರ ಹೂಡುವ ಕಾಲಕ್ಕೇ ಸರಿಯಾಗಿ ತುಂಗೆ ತುಂಬಿ ಹರಿಯುತ್ತಾಳೆ. ನೋಡುವವನಿಗೂ ಗೂಡಿಗೂ ನಡುವೆ ಎಷ್ಟು ದೂರವಿರಬೇಕೆಂಬುದನ್ನು ನದಿಯೇ ನಿರ್ಧರಿಸಿದ್ದಾಳೆ. ಇದೇ ಹೊಳೆಯ ಮೇಲುಭಾಗದಲ್ಲಿ, ಸಿಬ್ಬಲುಗುಡ್ಡೆಯಲ್ಲಿ, ಹಾರಿಹೋಗುವ ಹಕ್ಕಿಸಾಲನ್ನು ಕಂಡ ಕುವೆಂಪು ಅವರು ‘ದೇವರು ರುಜು ಮಾಡಿದನು’ ಎಂಬ ಕವಿತೆ ಬರೆದರು. ಆ ಕವಿತೆಗೆ ಹಕ್ಕಿಗಳು ತೆತ್ತ ಬೆಲೆ ಏನೂ ಇಲ್ಲ. ಕವಿ ನಿಂತಲ್ಲಿಯೇ ನಿಂತಿದ್ದರು. ಹಕ್ಕಿಗಳು ಹೋಗಬೇಕಾದ ಕಡೆಗೆ ಹೋದವು. ನೋಡುವಿಕೆಯ ಆದರ್ಶವೊಂದಿದ್ದರೆ ಅದು ಇದೇ ಎಂದು ನಾನು ಭಾವಿಸಿದ್ದೇನೆ.

ಇನ್ನು ಭದ್ರೆಯ ಕಡೆಗೆ ಬರೋಣ. ಭದ್ರಾವತಿಯು ಕಾಡಿನ ಋಣ ಹೆಚ್ಚಾಗಿರುವ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಕುಲುಮೆಗಳಿಗೆ ಸುತ್ತಲಿನ ಕಾಡಿನ ಮರ ಇದ್ದಿಲಾಗಿ ಹೋಯಿತು. ಮುಂದೆ ಬಂದ ಕಾಗದದ ಕಾರ್ಖಾನೆಗೆ ಬಿದಿರು ಹೋಯಿತು. ಆ ಕಾಗದದ ಮೇಲೆ ಅಕ್ಷರ ಕಲಿತ ನಮ್ಮಂಥವರೂ ಆ ಋಣದಲ್ಲಿ ಪಾಲುದಾರರು. ಊರಿನಿಂದ ಮೇಲಕ್ಕೆ ಹೋದರೆ ಅಣೆಕಟ್ಟು, ಅದರಾಚೆ ಹಿನ್ನೀರು, ಹಿನ್ನೀರಿನ ಸುತ್ತ ಭದ್ರಾ ಅಭಯಾರಣ್ಯ. 1998ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. 2000ದ ದಶಕದ ಆರಂಭದಲ್ಲಿ ಕಾಡಿನೊಳಗಿನ ಹಳ್ಳಿಗಳ ನೂರಾರು ಕುಟುಂಬಗಳು ತಲೆಮಾರುಗಳಿಂದ ಉತ್ತ ಗದ್ದೆಗಳನ್ನು ಬಿಟ್ಟು ಹೊರಗೆ ಬಂದವು. ಪ್ರಾಣಿಗಳಿಗೆ ನೆಮ್ಮದಿಯ ನೆಲ ದೊರೆಯಲಿ ಎಂದು ಮನೆ ಬಿಟ್ಟವರು ಅವರು. ಅದೇ ನೆಲಕ್ಕೆ ವಿನೋದಕ್ಕಾಗಿ ಹೋಗುವ ನಾವು ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಈ ಒಂದು ನೆನಪು ಸಾಕಾಗಬೇಕು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಸಣ್ಣ ಸಣ್ಣ ನಡುಗಡ್ಡೆಗಳು ತಲೆಯೆತ್ತುತ್ತವೆ. ಅವುಗಳ ಬತ್ತಲೆ ನೆಲದ ಮೇಲೆ ನದಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಮೊಟ್ಟೆಯಿಡುತ್ತವೆ. ಬೂದು ಬಣ್ಣದ ಮೈ, ಕರಿಯ ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ; ನೀರಿನ ಮೇಲೆ ಹಾರುವುದನ್ನು ಒಮ್ಮೆ ಕಂಡವರು ಮರೆಯಲಾರರು. ನದಿಗಳ ಮರಳು ದಿಣ್ಣೆಗಳು ಎಲ್ಲೆಡೆ ಹಾಳಾಗುತ್ತಿರುವ ಕಾರಣ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಪ್ರಭೇದವೆಂದು ಗುರುತಾಗಿದೆ. ಇದಕ್ಕೆ ಗೂಡೆಂದರೆ ನೆಲದ ಮೇಲಿನ ಒಂದು ಸಣ್ಣ ತಗ್ಗು, ಅಷ್ಟೆ. ಮಾರ್ಚ್, ಏಪ್ರಿಲಿನ ಬಿಸಿಲಿನಲ್ಲಿ ತಾಯಿ ತಂದೆ ಸರದಿಯ ಮೇಲೆ ನೆರಳಾಗಿ ಕೂರದಿದ್ದರೆ ಮೊಟ್ಟೆ ಬೇಯುತ್ತದೆ. ಇಲ್ಲಿಯೂ ನೀರು ಗೆರೆಯೆಳೆದಿದೆ. ಆದರೆ ಈ ಗೆರೆಯನ್ನು ದೋಣಿ ದಾಟಬಲ್ಲದು, ಡ್ರೋನ್ ಇನ್ನೂ ಸುಲಭವಾಗಿ ದಾಟಬಲ್ಲದು. ‘ಇನ್ನೊಂದು ಸ್ವಲ್ಪ ಹತ್ತಿರಕ್ಕೆ’ ಎಂದು ದೋಣಿಯವನನ್ನು ಒತ್ತಾಯಿಸುವ ಮಾತನ್ನು ನಾನು ಕೇಳಿದ್ದೇನೆ. ಒಂದು ಹಕ್ಕಿ ಎದ್ದರೆ ಇಡೀ ಹಿಂಡು ಏಳುತ್ತದೆ. ಆಕಾಶದ ತುಂಬ ರೆಕ್ಕೆಗಳು; ಚಿತ್ರ ಅದ್ಭುತವಾಗಿ ಬರುತ್ತದೆ. ಆ ಹೊತ್ತು ಕೆಳಗೆ ಬಿಸಿಲಿಗೆ ಬಿದ್ದಿರುವ ಮೊಟ್ಟೆಗಳು ಚಿತ್ರದ ಚೌಕಟ್ಟಿನಲ್ಲಿ ಇರುವುದಿಲ್ಲ.

ಅನ್ಯರ ತಪ್ಪನ್ನು ಹೇಳಿದೆ. ಈಗ ನನ್ನದು. ತುಂಗೆ ಭದ್ರೆಯರು ಒಂದಾಗುವ ಕೂಡಲಿ ಶಿವಮೊಗ್ಗಕ್ಕೂ ಭದ್ರಾವತಿಗೂ ಹತ್ತಿರದ ಸ್ಥಳ. ಸಂಗಮದ ದೇವಾಲಯಗಳ ಶಾಸನಗಳನ್ನು ನೋಡಲು ನಾನು ಅಲ್ಲಿಗೆ ಆಗಾಗ ಹೋಗುತ್ತಿದ್ದೆ. ಹದಿನಾಲ್ಕು ವರ್ಷಗಳ ಹಿಂದಿನ ಒಂದು ಮಾರ್ಚ್ ತಿಂಗಳು, ಹೊಳೆಯಂಚಿನ ಕಲ್ಲುನೆಲದಲ್ಲಿ ಟಿಟ್ಟಿಭದ ಗೂಡೊಂದು ಕಣ್ಣಿಗೆ ಬಿತ್ತು. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳ ನಾಲ್ಕು ಮೊಟ್ಟೆಗಳು, ಚೂಪು ತುದಿಗಳನ್ನು ಒಳಮುಖವಾಗಿಸಿ ಜೋಡಿಸಿಟ್ಟಂತಿದ್ದವು. ಇಲ್ಲಿ ನೀರಿನ ಗೆರೆ ಇರಲಿಲ್ಲ. ಆಗತಾನೆ ಕೊಂಡ ಉದ್ದ ಮಸೂರ ಕೈಯಲ್ಲಿತ್ತು, ಅದರ ಕಂತುಗಳನ್ನು ಇನ್ನೂ ಕಟ್ಟುತ್ತಿದ್ದೆ. ಹಕ್ಕಿ ನನ್ನ ತಲೆಯ ಮೇಲೆ ಸುತ್ತಿ ಸುತ್ತಿ ಕೂಗಿತು. ನೆಲಕ್ಕಿಳಿದು ರೆಕ್ಕೆಯೆರಡನ್ನೂ ಹರಡಿ ನನ್ನೆಡೆಗೆ ಓಡಿ ಬಂದಿತು. ನಾನು ಮೊಣಕಾಲೂರಿ ಕುಳಿತು ಒಂದೂವರೆ ಗಂಟೆ ಚಿತ್ರ ತೆಗೆದೆ. ಹೊತ್ತು ನಡುಮಧ್ಯಾಹ್ನದತ್ತ ನಡೆದಿತ್ತು.

ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಬದುವಿನ ತನಕ ಬಂದು ನಿಂತರು. ‘ಏನ್ ಸ್ವಾಮಿ, ಅದು ಅಷ್ಟೊತ್ತಿಂದ ಬಾಯಿ ಬಡ್ಕೊಳ್ತೈತೆ, ನಿಮಗೆ ಕೇಳಿಸ್ತಿಲ್ವಾ?’ ಎಂದರು. ನಾನು ಚಿತ್ರ ತೆಗೆಯುತ್ತಿದ್ದೇನೆ, ಮೊಟ್ಟೆಯನ್ನು ಮುಟ್ಟಿಲ್ಲ ಎಂದೆ. ‘ಮುಟ್ಟದಿದ್ರೇನು, ನೀವು ಕುಂತಿರೋ ತನಕ ಅದು ಕೂರಂಗಿಲ್ಲವಲ್ಲ’ ಎಂದು ಹೇಳಿ ಹೊರಟುಹೋದರು. ಅವರ ಹೊಲದ ಮೂಲೆಯಲ್ಲಿ ಒಂದು ಚಾಪೆಯಷ್ಟು ಅಗಲದ ನೆಲ ಉಳದೆ ಉಳಿದಿತ್ತು. ಹಿಂದಿನ ವರ್ಷ ಅಲ್ಲೊಂದು ಗೂಡು ಇತ್ತೆಂದೂ, ನೇಗಿಲನ್ನು ಸುತ್ತಿಸಿಕೊಂಡು ಹೋದದ್ದೆಂದೂ ಆಮೇಲೆ ತಿಳಿಯಿತು. ಮರುದಿನ ನಾನು ಹೋದಾಗ ಗೂಡಿನಲ್ಲಿ ಏನೂ ಇರಲಿಲ್ಲ. ಮೊಟ್ಟೆಗಳನ್ನು ಒಯ್ದದ್ದು ಕಾಗೆಯೋ ಮುಂಗುಸಿಯೋ ನಾನು ಕಾಣೆ. ಆದರೆ ಹಿಂದಿನ ದಿನ ನಾನು ಕುಳಿತಿದ್ದಷ್ಟೂ ಹೊತ್ತು ಎರಡು ಕಾಗೆಗಳು ಹತ್ತಿರದ ಜಾಲಿಯ ಮೇಲೆ ಕುಳಿತು ನಾನು ನೋಡುತ್ತಿದ್ದುದನ್ನೇ ನೋಡುತ್ತಿದ್ದವು. ಅದು ನನ್ನ ಚಿತ್ರಗಳೊಂದರ ಹಿನ್ನೆಲೆಯಲ್ಲಿ ದಾಖಲಾಗಿದೆ.

ರೆಕ್ಕೆ ಹರಡಿ ನನ್ನೆಡೆಗೆ ಓಡಿ ಬರುವ ಟಿಟ್ಟಿಭದ ಚಿತ್ರಕ್ಕೆ ಮುಂದೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂದಿತು. ನಾನು ಕೊಟ್ಟಿದ್ದ ಶೀರ್ಷಿಕೆ ‘ವೀರ’. ತರಗತಿಯಲ್ಲಿ ರಸಗಳನ್ನು ಪಾಠ ಹೇಳುವ ನಾನು ಆ ಹಕ್ಕಿಯ ಭಯವನ್ನು ಉತ್ಸಾಹವೆಂದು ಓದಿದ್ದೆ. ಸ್ಥಾಯಿಭಾವವನ್ನೇ ತಪ್ಪಾಗಿ ಗುರುತಿಸಿದ್ದೆ. ಅಕ್ಷರ ಕಲಿಯದ ರೈತರೊಬ್ಬರು ಸರಿಯಾಗಿ ಓದಿದ್ದ ಪಠ್ಯವನ್ನು ಮೂವತ್ತು ವರ್ಷ ಪಠ್ಯಗಳ ನಡುವೆ ಕಳೆದವನು ತಪ್ಪಾಗಿ ಓದಿದ ಈ ಪ್ರಸಂಗ ನನ್ನನ್ನು ಬಹಳ ಕಾಲ ಕಾಡಿತು. ಪಂಚತಂತ್ರದ ಟಿಟ್ಟಿಭಕ್ಕಾದರೂ ದಂಡೆಯ ಮೇಲಿನ ತನ್ನ ಮೊಟ್ಟೆಗಳನ್ನು ಕೊಂಡೊಯ್ದ ಕಡಲಿನ ಮೇಲೆ ದೂರು ಹೇಳಲು ಗರುಡನಿದ್ದ. ಕೂಡಲಿಯ ಟಿಟ್ಟಿಭಕ್ಕೆ ಯಾರಿದ್ದರು?

‘ನಮಗೆ ಹಕ್ಕಿಯನ್ನು ಕೊಲ್ಲುವ ಉದ್ದೇಶವಿಲ್ಲವಲ್ಲ’ ಎಂಬುದು ಛಾಯಾಗ್ರಾಹಕ ಮಿತ್ರರು ಸಾಮಾನ್ಯವಾಗಿ ಮುಂದಿಡುವ ಸಮಾಧಾನ. ಇದನ್ನು ಪರೀಕ್ಷಿಸಲು ಜನ್ನನ ‘ಯಶೋಧರ ಚರಿತೆ’ಗಿಂತ ಒಳ್ಳೆಯ ಒರೆಗಲ್ಲು ಕನ್ನಡದಲ್ಲಿ ಇಲ್ಲ. 1209ರಲ್ಲಿ ಪೂರ್ಣಗೊಂಡ ಈ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಜೀವವೊಂದೂ ಹೋಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋವುಣ್ಣುತ್ತಾರೆ. ಅಲ್ಲಿ ಸಂಕಲ್ಪವಿದೆ, ಕೊಲೆಯಿಲ್ಲ. ನಮ್ಮದು ಇದರ ತಿರುವುಮುರುವು: ಸಂಕಲ್ಪವಿಲ್ಲ, ಸಾವಿದೆ. ಹಾಗಾದರೆ ಜನ್ನನ ನ್ಯಾಯದಿಂದ ನಾವು ಪಾರಾದೆವೆಂದು ಯಾರಾದರೂ ವಾದಿಸಬಹುದು. ಹಾಗೆ ಪಾರಾಗಲು ಆ ಪರಂಪರೆಯ ತತ್ತ್ವಶಾಸ್ತ್ರ ಬಿಡುವುದಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿ ಇಡುತ್ತದೆ. ಯಶೋಧರ ತಾಯಿಯ ಮಾತಿಗೆ ಮೈಮರೆತ; ನಾನು ಮಸೂರದ ಮೋಹದಲ್ಲಿ ಮೈಮರೆತೆ. ಉತ್ತು ಬಿತ್ತುವ ರೈತನಿಗೆ ನೆಲವನ್ನು ಕದಡದೆ ಬದುಕಿಲ್ಲ, ಆದರೂ ಅವರು ನೇಗಿಲನ್ನು ಸುತ್ತಿಸಿದರು. ಹವ್ಯಾಸಕ್ಕಾಗಿ ಹೋದ ನನಗೆ ಅಂಥ ಅನಿವಾರ್ಯ ಏನಿತ್ತು? ಎಚ್ಚರದ ಹೊಣೆ ನನ್ನದೇ ಹೆಚ್ಚಿನದಾಗಿತ್ತು.

ಜನ್ನನ ಕಾವ್ಯದಲ್ಲಿ ಈ ಚರ್ಚೆಗೆ ಒದಗುವ ಇನ್ನೊಂದು ಪ್ರಸಂಗವೂ ಇದೆ. ಕೊನೆಯ ಪ್ರಾಣಿಜನ್ಮದಲ್ಲಿ ಆ ಇಬ್ಬರೂ ಕೋಳಿಗಳಾಗಿ ಹುಟ್ಟಿ ಕೂಗಿದಾಗ, ಅರಸ ಯಶೋಮತಿ ತನ್ನ ಶಬ್ದವೇಧಿ ಕೌಶಲವನ್ನು ರಾಣಿಗೆ ತೋರಲು ದನಿಯ ಜಾಡು ಹಿಡಿದು ಬಾಣ ಬಿಟ್ಟು ಎರಡನ್ನೂ ಕೊಲ್ಲುತ್ತಾನೆ. ಇಂದು ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ, ಅದನ್ನು ಪೊದೆಯಿಂದ ಹೊರಗೆ ಕರೆದು ಚಿತ್ರ ತೆಗೆಯುವ ಪದ್ಧತಿ ವ್ಯಾಪಕವಾಗಿದೆ. ತನ್ನ ನೆಲೆಗೆ ಇನ್ನೊಬ್ಬ ಗಂಡು ಬಂದನೆಂದು ತಿಳಿದು ಹಕ್ಕಿ ಹೋರಾಟಕ್ಕೆ ಸಿದ್ಧವಾಗಿ ಬರುತ್ತದೆ. ಮರಿಗಳಿಗೆ ಉಣಿಸಬೇಕಾದ ಹೊತ್ತು, ಮೈಯ ಕಸುವು ಇಲ್ಲದ ಶತ್ರುವಿಗಾಗಿ ವ್ಯಯವಾಗುತ್ತದೆ. ಯಶೋಮತಿ ಹಕ್ಕಿಯ ದನಿಯನ್ನು ಗುರಿಯಾಗಿಸಿದ. ನಾವು ಅದರ ದನಿಯನ್ನೇ ಆಮಿಷವಾಗಿಸಿದ್ದೇವೆ. ಹುಳು ಚೆಲ್ಲಿ ಹಕ್ಕಿಯನ್ನು ಬೇಕಾದ ಕೊಂಬೆಗೆ ಕೂರಿಸುವುದು, ಗೂಬೆಯ ಮುಂದೆ ಜೀವಂತ ಇಲಿ ಬಿಡುವುದು, ಗೂಡು ಕಾಣಲೆಂದು ಮರೆಯ ರೆಂಬೆಗಳನ್ನು ಕಡಿಯುವುದು ಇವೆಲ್ಲ ಇದೇ ಸಾಲಿನವು. ಆ ರೆಂಬೆಗಳನ್ನು ಹಕ್ಕಿ ಆರಿಸಿಕೊಂಡದ್ದು ಬಿಸಿಲಿಗೂ ಕಾಗೆಗೂ ಮರೆಯಾಗಲೆಂದು.

ಎದುರು ವಾದಗಳನ್ನು ಹಗುರವಾಗಿ ತಳ್ಳುವುದು ನ್ಯಾಯವಲ್ಲ. ಹಿಂದಿನ ಗುರುಗಳು ಗೂಡಿನ ಬಳಿಯೇ ಚಿತ್ರ ತೆಗೆಯಲಿಲ್ಲವೆ ಎಂದು ಕೇಳುವವರಿದ್ದಾರೆ. ನಿಜ. ಮಸೂರಗಳು ಚಿಕ್ಕವಾಗಿ, ಫಿಲ್ಮು ಮಂದವಾಗಿ ಇದ್ದ ಕಾಲದಲ್ಲಿ ಹಕ್ಕಿ ಮರಳಿ ಮರಳಿ ಒಂದೇ ಕಡೆಗೆ ಬರುವ ಜಾಗ ಗೂಡೊಂದೇ ಆಗಿತ್ತು. ಲೋಕದಾದ್ಯಂತ ಅಂದಿನ ರೂಢಿ ಅದು. ಆದರೆ ಅಂದು ಅಂಥ ಸಾಧನೆಯಲ್ಲಿ ತೊಡಗಿದವರು ಬೆರಳೆಣಿಕೆಯ ಜನ. ಒಂದು ಸುರುಳಿಗೆ ಮೂವತ್ತಾರು ಚಿತ್ರಗಳ ಮಿತಿ ಇತ್ತು, ಹೊತ್ತುಗೊತ್ತುಗಳನ್ನು ಬಲ್ಲ ತಾಳ್ಮೆ ಇತ್ತು. ಇಂದು ಒಂದು ಗೂಡಿನ ಸುದ್ದಿ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಹೊರಟರೆ ಸಂಜೆಯೊಳಗೆ ಇಪ್ಪತ್ತು ಮುಕ್ಕಾಲಿಗಳು ಅಲ್ಲಿರುತ್ತವೆ. ಅಂದು ಅವರಿಗೆ ದೂರದಿಂದ ತೆಗೆಯುವ ಸಾಧನವಿರಲಿಲ್ಲ. ಇಂದು ನಮಗೆ ಅದಿದೆ. ಸಾಧನ ಬದಲಾದ ಮೇಲೆ ನೆಪ ಉಳಿಯಬಾರದು.

ಚಿತ್ರಗಳಿಂದಲೇ ಜನರಲ್ಲಿ ಕಾಡಿನ ಪ್ರೀತಿ ಹುಟ್ಟುತ್ತದೆ ಎಂಬುದು ಎರಡನೆಯ ವಾದ. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಮೊದಲಾದವರ ಚಿತ್ರಗಳಿಲ್ಲದಿದ್ದರೆ ಕರ್ನಾಟಕದ ಒಂದು ತಲೆಮಾರಿಗೆ ತನ್ನ ಕಾಡಿನ ಪರಿಚಯವೇ ಆಗುತ್ತಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇಲ್ಲದಿದ್ದರೆ ನನ್ನಂಥ ಎಷ್ಟೋ ಜನ ಎದುರಿನ ಹಕ್ಕಿಯನ್ನು ಕನ್ನಡದ ಹೆಸರಿನಿಂದ ಕರೆಯಲು ಕಲಿಯುತ್ತಿರಲಿಲ್ಲ. ಆದರೆ ಒಂದು ಹಕ್ಕಿಯ ಪ್ರೀತಿಯನ್ನು ಬೆಳೆಸಲು ಅದೇ ಹಕ್ಕಿಯ ಸಂತಾನವನ್ನು ತೆರಬೇಕಾಗಿಲ್ಲ. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯ ನಿಸರ್ಗ ಛಾಯಾಗ್ರಾಹಕರ ನಡಾವಳಿ, ಚಿತ್ರಕ್ಕಿಂತ ಚಿತ್ರದ ಜೀವಿಯ ಕ್ಷೇಮ ದೊಡ್ಡದೆಂಬುದನ್ನೇ ತನ್ನ ಮೂಲ ನಿಯಮವಾಗಿ ಇಟ್ಟುಕೊಂಡಿದೆ. ಕಾಯ್ದೆಗೂ ಈ ನಡಾವಳಿಗೂ ಕೂಡಲಿಯ ಆ ಹಿರಿಯರ ಮಾತಿಗೂ ತಾತ್ಪರ್ಯ ಒಂದೇ.

ನಾನೊಬ್ಬ ಬಿಟ್ಟರೆ ಏನಾದೀತು, ಉಳಿದವರು ತೆಗೆಯುತ್ತಾರಲ್ಲ ಎಂಬುದು ಮೂರನೆಯದು. ಇದಕ್ಕೆ ಸಂಶೋಧಕರಿಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಹಳೆಯ ಓಲೆಗರಿಯ ಕಟ್ಟೊಂದು ಭಂಡಾರದಲ್ಲಿದೆ. ಅದೇ ಏಕಮಾತ್ರ ಪ್ರತಿ. ಗರಿಗಳು ಮುಟ್ಟಿದರೆ ಮುರಿಯುವಂತಿವೆ. ಹಿಂದೆ ಬಂದವರು ಅಜಾಗರೂಕತೆಯಿಂದ ಕೆಲವನ್ನು ಮುರಿದಿದ್ದಾರೆ ಎಂಬ ಕಾರಣಕ್ಕೆ ನಾನೂ ಒಂದನ್ನು ಮುರಿಯಬಹುದೆ? ಗೂಡಿನಲ್ಲಿರುವುದೂ ಏಕಮಾತ್ರ ಪ್ರತಿಯೇ.

ಈ ಹೋಲಿಕೆ ಇನ್ನೊಂದು ಮುಖ್ಯ ಸಂಗತಿಗೆ ದಾರಿ ಮಾಡುತ್ತದೆ: ಚಿತ್ರದ ಸತ್ಯ. ಶಿವಮೊಗ್ಗದ ಹತ್ತಿರ ತ್ಯಾವರೆಕೊಪ್ಪದ ಹುಲಿ ಸಿಂಹ ಧಾಮವಿದೆ, ಸಕ್ರೆಬೈಲಿನ ಆನೆ ಬಿಡಾರವಿದೆ. ಎರಡೂ ಕಡೆ ಚಿತ್ರ ತೆಗೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಬೇಲಿಯೊಳಗಿನ ಹುಲಿಯನ್ನು ಕಾಡಿನ ಹುಲಿಯೆಂದು, ಕಾಲಿನ ಸರಪಳಿ ಕಾಣದಂತೆ ಕತ್ತರಿಸಿದ ಬಿಡಾರದ ಆನೆಯನ್ನು ಕಾಡಾನೆಯೆಂದು ಮಂಡಿಸಿದರೆ ಅದು ಕೂಟಶಾಸನವನ್ನು ಸೃಷ್ಟಿಸಿದಂತೆ. ಗ್ರಂಥಸಂಪಾದಕನು ಮೂಲದಲ್ಲಿಲ್ಲದ ಒಂದಕ್ಷರವನ್ನು ಸೇರಿಸಿದರೂ ಕಂಸದೊಳಗಿಟ್ಟು ಓದುಗನಿಗೆ ತಿಳಿಸುತ್ತಾನೆ. ಕ್ಯಾಮೆರಾ ಹಿಡಿದವನಿಗೆ ಆ ಶಿಸ್ತು ಏಕೆ ಬೇಡ? ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದ ಇರುವೆಬಾಕದ ಚಿತ್ರವೊಂದನ್ನು 2018ರಲ್ಲಿ ಅನರ್ಹಗೊಳಿಸಿದರು. ಚಿತ್ರದಲ್ಲಿದ್ದುದು ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸಿದ ಪ್ರಾಣಿಯೆಂಬ ನಿರ್ಣಯಕ್ಕೆ ತಜ್ಞರು ಬಂದಿದ್ದರು. ಛಾಯಾಗ್ರಾಹಕ ಅದನ್ನು ಒಪ್ಪಲಿಲ್ಲ. ಆ ಸುದ್ದಿ ಓದಿದಾಗ ನನಗೆ ಮತ್ತೆ ನೆನಪಾದದ್ದು ಹಿಟ್ಟಿನ ಕೋಳಿಯೇ.

ನನ್ನ ಮಟ್ಟಿಗೆ ನಾನು ಮಾಡಿಕೊಂಡ ಕಟ್ಟಳೆಗಳು ಕೆಲವೇ. ಮರಿ, ಮೊಟ್ಟೆ, ಗೂಡುಗಳ ಚಿತ್ರ ತೆಗೆಯಲು ಹುಡುಕಿಕೊಂಡು ಹೋಗುವುದಿಲ್ಲ. ಮಂಡಗದ್ದೆಯಂತೆ ಹಕ್ಕಿಗೆ ನನ್ನ ಇರವು ಲೆಕ್ಕಕ್ಕೇ ಬಾರದ ದೂರವಿದ್ದಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಹಕ್ಕಿ ತಾನು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ನನ್ನತ್ತ ನೋಡಿತೆಂದರೆ ನಾನು ಹೆಚ್ಚು ಹತ್ತಿರ ಬಂದಿದ್ದೇನೆ ಎಂದರ್ಥ; ಆಗ ಹಿಂದೆ ಸರಿಯುತ್ತೇನೆ. ಕೂಗು ನುಡಿಸುವುದಿಲ್ಲ, ಆಮಿಷ ಒಡ್ಡುವುದಿಲ್ಲ, ರೆಂಬೆ ಕಡಿಯುವುದಿಲ್ಲ. ಅಪರೂಪದ ಹಕ್ಕಿ ಕಂಡರೆ ಜಾಗದ ಗುರುತನ್ನು ಪ್ರಕಟಿಸುವುದಿಲ್ಲ. ಚಿತ್ರ ಹೇಗೆ, ಎಲ್ಲಿ, ಯಾವ ಸ್ಥಿತಿಯಲ್ಲಿ ತೆಗೆದದ್ದೆಂಬುದನ್ನು ಮುಚ್ಚಿಡುವುದಿಲ್ಲ. ಇದರಿಂದ ನನಗೆ ಅನೇಕ ಚಿತ್ರಗಳು ತಪ್ಪಿಹೋಗಿವೆ. ಹಾಗೆ ತಪ್ಪಿಹೋದವುಗಳಲ್ಲಿ ನೋಡಿದ ನೆನಪು ಉಳಿದಿದೆ. ತೆಗೆದ ಸಾವಿರಾರು ಚಿತ್ರಗಳಲ್ಲಿ ಎಷ್ಟೋ ನನಗೆ ನೆನಪೇ ಇಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವ ವಿದ್ಯಾರ್ಥಿಮಿತ್ರರಿಗೆ ಭದ್ರೆಯ ಹಿನ್ನೀರು ಕೂಗಳತೆಯಲ್ಲಿದೆ. ಅವರಲ್ಲಿ ಹಲವರ ಕೈಯಲ್ಲಿ ಈಗ ಒಳ್ಳೆಯ ಕ್ಯಾಮೆರಾಗಳಿವೆ ಎಂಬುದನ್ನು ಬಲ್ಲೆ. ಅವರು ಬೇಸಿಗೆಯಲ್ಲಿ ದೋಣಿ ಹತ್ತಿದಾಗ ಹತ್ತಿರಕ್ಕೆ ಒಯ್ಯಿರೆಂದು ಕೇಳದೆ ಇರಲಿ; ಯಾರಾದರೂ ಕೇಳಿದರೆ ಬೇಡವೆನ್ನುವ ಧೈರ್ಯ ಮಾಡಲಿ. ಸ್ಪರ್ಧೆಗಳನ್ನು ಏರ್ಪಡಿಸುವವರು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಮೊದಲೇ ಸಾರಲಿ. ಬಹುಮಾನ ನಿಂತರೆ ನುಗ್ಗಾಟ ಅರ್ಧ ನಿಲ್ಲುತ್ತದೆ. ಬಹುಮಾನ ಪಡೆದವನಾಗಿ ಇದನ್ನು ಹೇಳುತ್ತಿದ್ದೇನೆ.

ಆ ಟಿಟ್ಟಿಭದ ಚಿತ್ರವನ್ನು ನಾನು ಅಳಿಸಿ ಹಾಕಲಿಲ್ಲ. ತಪ್ಪುಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುವುದು ನಮ್ಮ ವಿದ್ಯೆಯ ಪದ್ಧತಿ. ಅದು ಈಗಲೂ ನನ್ನ ಅಧ್ಯಯನ ಕೊಠಡಿಯ ಗೋಡೆಯ ಮೇಲಿದೆ. ಶೀರ್ಷಿಕೆಯನ್ನು ಮಾತ್ರ ಬದಲಿಸಿದ್ದೇನೆ: ‘ಮೊಟ್ಟೆಗಳ ಬಳಿ ಕುಳಿತ ಮನುಷ್ಯನನ್ನು ಕಂಡು ಹೆದರಿದ ಟಿಟ್ಟಿಭ, ಕೂಡಲಿ’.